ಪಿಕಪ್ ತಳಕ್ಕೆ ಏನು ಹಾಕಿಸೋದು? ಗೊಬ್ಬರ, ಭತ್ತ, ಕಂಬಿ, ಜಲ್ಲಿ ಎಲ್ಲಾ ಹೇರೋ ಗಾಡಿ

ಸಿರುಗುಪ್ಪ ಪಿಕಪ್

ನಮಸ್ಕಾರ. ಗಾಡಿ ಹೊಸದು, ಬಾಡಿ ತಳದಲ್ಲಿ ಇನ್ನೂ ಗೀರು ಬಿದ್ದಿಲ್ಲ. ಒಳ ಅಳತೆ ಉದ್ದ 9 ಅಡಿ, ಅಗಲ 5.5 ಅಡಿ, ಸೈಡ್ ಡೋರ್ ಎತ್ತರ 1.5 ಅಡಿ. ಚಕ್ರದ ಉಬ್ಬು ಒಳಗೆ ಬರಲ್ಲ, ತಳ ಪೂರ್ತಿ ಸಮ, ಉದ್ದಕ್ಕೆ ಸಣ್ಣ ಸಣ್ಣ ಏಣು ಐತೆ.

ಮುಂಗಾರಲ್ಲಿ ಯೂರಿಯಾ, ಡಿಎಪಿ, ಪೊಟ್ಯಾಷ್. ಸುಗ್ಗಿಗೆ ಭತ್ತ, ಆಮೇಲೆ ಒಣಮೆಣಸಿನಕಾಯಿ. ನಡುವೆ ಸಿಮೆಂಟು, ಟಿಎಂಟಿ ಕಂಬಿ. ತಿಂಗಳಿಗೆ ಎರಡು ಮೂರು ಟ್ರಿಪ್ ಜಲ್ಲಿ. ಹಮಾಲರು ಚೀಲ ಎತ್ತಿ ಇಡಲ್ಲ, ಎಳೆದೇ ಇಳಿಸ್ತಾರೆ, ಅದಂತೂ ಬದಲಾಗಲ್ಲ.

ಬಾಡಿ ಶಾಪ್‌ನೋರು 3 ಎಂಎಂ ಚೆಕರ್ ಪ್ಲೇಟ್ (ಮೇಲೆ ಉಬ್ಬು ಡಿಸೈನ್ ಇರೋ ತಗಡು) ಹಾಕಿ ವೆಲ್ಡ್ ಮಾಡಿಸು, ಜೀವನಪೂರ್ತಿ ಚಿಂತೆ ಇಲ್ಲ ಅಂತಾರೆ. ಇನ್ನೊಬ್ಬರು ಸ್ಪ್ರೇ ಲೈನಿಂಗ್ ಅಂತಾರೆ. ರಬ್ಬರ್ ಮ್ಯಾಟ್ ಸಾಕು ಅನ್ನೋರೂ ಇದ್ದಾರೆ. ಇಷ್ಟೆಲ್ಲಾ ಮಾಲಿಗೆ ಒಂದೇ ಹೊದಿಕೆ ಆಗ್ತದಾ? ಯಾವುದು ಎಲ್ಲಿ ಕೈ ಕೊಡ್ತದೆ ಅನ್ನೋದು ಮುಖ್ಯವಾಗಿ ಬೇಕು.

ಗಿಣಿಗೇರಾ ಫ್ಯಾಬ್ರಿಕೇಷನ್

ಚೆಕರ್ ಪ್ಲೇಟಿನ ಲೆಕ್ಕ ಮೊದಲು ಮಾಡೋಣ್ರಿ. ನಿಮ್ಮ ತಳ 49.5 ಚದರ ಅಡಿ, ಅಂದ್ರ 4.6 ಚದರ ಮೀಟರ್. 3 ಎಂಎಂ ಎಂಎಸ್ (ಸಾದಾ ಉಕ್ಕಿನ) ಚೆಕರ್ ಚದರ ಮೀಟರಿಗೆ ಹೆಚ್ಚುಕಮ್ಮಿ 25 ಕೆಜಿ ತೂಗತೈತಿ. ತಳಕ್ಕಷ್ಟೇ ಹಾಕಿದ್ರೂ 115 ಕೆಜಿ ಆತು. ಒಂದೂವರೆ ಭತ್ತದ ಚೀಲ ಪ್ರತಿ ಟ್ರಿಪ್ಪಿಗೂ ಪುಕ್ಕಟೆ ಹೊತ್ತಂಗ. ಅಲ್ಯೂಮಿನಿಯಂ ಚೆಕರ್ 3 ಎಂಎಂ ಹಾಕಿದ್ರ 40 ಕೆಜಿಗೆ ಮುಗೀತೈತಿ, ಆದ್ರ ಅದರ ತಂಟೆ ಬ್ಯಾರೆ, ಕೆಳಗ ಹೇಳ್ತೀನಿ.

ತೂಕಕ್ಕಿಂತ ದೊಡ್ಡ ತೊಂದರೆ ವೆಲ್ಡಿಂಗು. ಪ್ಲೇಟಿನ ಅಂಚಿಗೆ ಆರಾರು ಇಂಚಿಗೊಂದು ಟ್ಯಾಕ್ (ಸಣ್ಣ ಚುಕ್ಕಿ ವೆಲ್ಡ್) ಹೊಡೀತಾರ. ಟ್ಯಾಕ್ ಬಿದ್ದಲ್ಲೆಲ್ಲಾ ಕೆಳಗಿನ ತಗಡಿನ ಬಣ್ಣ ಎರಡೂ ಮುಖಕ್ಕ ಸುಟ್ಟು ಹೋಗತೈತಿ. ಮ್ಯಾಲಿನ ಮುಖ ಪ್ಲೇಟಿನ ಅಡಿಗೆ, ಕೈ ಹೋಗಂಗಿಲ್ಲ, ಬ್ರಷ್ಷೂ ಹೋಗಂಗಿಲ್ಲ. ಎರಡು ತಗಡಿನ ನಡುವಿನ ಕೂದಲೆಳೆ ಸಂದಿಗೆ ಮಳಿ ನೀರು, ಗೊಬ್ಬರದ ಪುಡಿ ಇಳೀತೈತಿ, ಆಮ್ಯಾಲ ಒಣಗೋದೇ ಇಲ್ಲ. ಮ್ಯಾಲ ಪ್ಲೇಟು ಮಿಂಚತಿರತೈತಿ, ಅಡಿಗೆ ಬಾಡಿ ತಳ ಜಂಗು ತಿಂದು ಜರಡಿ ಆಗಿರತೈತಿ. ಜೀವನಪೂರ್ತಿ ಚಿಂತಿ ಇಲ್ಲ ಅನ್ನೋದು ಪ್ಲೇಟಿನ ಮಟ್ಟಿಗೆ ಖರೆ, ಗಾಡಿ ಮಟ್ಟಿಗೆ ಅಲ್ಲ.

ಅಲ್ಯೂಮಿನಿಯಂ ಆದ್ರ ಉಕ್ಕಿನ ಮ್ಯಾಲ ನೇರ ಕೂಡಸಬ್ಯಾಡ್ರಿ. ನಡುವೆ ಉಪ್ಪುನೀರು ಬಂತಂದ್ರ ಬ್ಯಾಟರಿ ಆದಂಗ, ಅಲ್ಯೂಮಿನಿಯಂ ಬಿಳಿ ಹಿಟ್ಟಾಗಿ ಉಬ್ಬತೈತಿ. ಪೊಟ್ಯಾಷ್ ಹೇರೋ ಗಾಡಿಯೊಳಗ ಉಪ್ಪುನೀರಿಗೆ ಬರಗಾಲ ಇಲ್ಲ. ಹಾಕಲೇಬೇಕು ಅಂದ್ರ ನಡುವೆ 3 ಎಂಎಂ ರಬ್ಬರ್ ಶೀಟ್, ಬೋಲ್ಟಿಗೆ ನೈಲಾನ್ ವಾಷರ್.

ಇನ್ನ ಚೆಕರ್ ಡಿಸೈನು. ಕಾಲಿಗೆ ಹಿಡಿತ ಕೊಡತೈತಿ, ಒಪ್ಪಿದೆ. ಆದ್ರ ಎಳೆದು ಇಳಿಸೋ ಪ್ಲಾಸ್ಟಿಕ್ ಚೀಲಕ್ಕ ಅದು ಗರಗಸ ಇದ್ದಂಗ, ಮೂಲಿ ಹರೀತೈತಿ. ಜಲ್ಲಿ ಬಾಚುವಾಗ ಸಲಿಕಿ ಪ್ರತಿ ಉಬ್ಬಿಗೂ ತಡೀತೈತಿ. ಹಂಗಾಗಿ ನಿಮ್ಮ ಎರಡೂ ಕೆಲಸಕ್ಕ ಅದು ಬರಂಗಿಲ್ಲ.

ದಿನಾ ಜಲ್ಲಿ, ಎಂ ಸ್ಯಾಂಡ್ ಹೊಡಿಯೋ ಗಾಡಿಗೆ ಉಕ್ಕೇ ಬೇಕು, ಆದ್ರ ಸಪಾಟು ತಗಡು, ಬೋಲ್ಟ್ ಹಾಕಿದ್ದು, ಬಿಚ್ಚಾಕ ಬರೋವಂಥಾದ್ದು. ನಿಮಗ ತಿಂಗಳಿಗೆ ಮೂರು ಟ್ರಿಪ್ ಅಷ್ಟೇ. 2 ಎಂಎಂ ಸಪಾಟು ಶೀಟ್ ಎರಡು ತುಂಡು ಮಾಡಿ ಮನ್ಯಾಗ ಇಟ್ಕೊರಿ, ಜಲ್ಲಿ ದಿನ ಹಾಸ್ರಿ, ಮರುದಿನ ತೆಗೀರಿ. ಪೂರ್ತಿ ತೂಕ 72 ಕೆಜಿ, ಒಂದು ತುಂಡು 36, ಇಬ್ಬರು ಆರಾಮ ಎತ್ತತಾರ. ತುಂಡನ್ನ ಅಡ್ಡಕ್ಕ ಕತ್ತರಿಸಬ್ಯಾಡ್ರಿ, ಉದ್ದಕ್ಕ ಕತ್ತರಿಸ್ರಿ: 9 ಅಡಿ ಉದ್ದ, ಅಗಲ ಎರಡೂಮುಕ್ಕಾಲು ಅಡಿಗಿಂತ ಸ್ವಲ್ಪ ಕಮ್ಮಿ. ಅಡ್ಡ ಸಂದಿ ಇದ್ರ ಹಿಂದಕ್ಕ ಎಳೆಯೋ ಸಲಿಕಿ ಅಲ್ಲೇ ಸಿಗಬೀಳತೈತಿ. ಅಂಚು ಗ್ರೈಂಡರ್ ಹಿಡಿದು ಮೊಂಡ ಮಾಡ್ರಿ. ಖಾಲಿ ಗಾಡಿಯೊಳಗ ಮಾತ್ರ ಬಿಟ್ಕೊಂಡು ಓಡಾಡಬ್ಯಾಡ್ರಿ, ಬ್ರೇಕ್ ಹೊಡದಾಗ ಮುಂದ ಜಾರಿ ಕ್ಯಾಬಿನ್ ಕಡೆ ಗುದ್ದತೈತಿ.

ರಾಯಚೂರು ಪೇಂಟ್ ಬೂತ್

ಪ್ಲೇಟಿನ ಬಗ್ಗೆ ಮ್ಯಾಲ ಹೇಳಿದ್ದು ಸರಿ ಅದ. ನಾ ಕೋಟಿಂಗ್ ಬಗ್ಗೆ ಹೇಳ್ತೀನಿ, ಯಾಕಂದ್ರ ಸ್ಪ್ರೇ ಲೈನಿಂಗ್ ಅಂತ ಒಂದೇ ಹೆಸರಿಟ್ಟು ಎರಡು ಬ್ಯಾರೆ ಬ್ಯಾರೆ ಮಾಲು ಮಾರ್ತಾರ.

ಒಂದು ಪಾಲಿಯೂರಿಯಾ. ಎರಡು ದ್ರವ ಬಿಸಿ ಮಾಡಿ, ಭಾರಿ ಒತ್ತಡದಾಗ ಗನ್ನಿನ ತುದಿಗೇ ಕೂಡಿಸಿ ಹೊಡೀತಾರ. ಬಿದ್ದ ಕೆಲವೇ ಸೆಕೆಂಡಿಗೆ ಗಟ್ಟಿ ಆಗ್ತದ. ತಳಕ್ಕ 2ರಿಂದ 3 ಎಂಎಂ ದಪ್ಪ ಕೂಡಸ್ತಾರ. ಅದಕ್ಕ ದೊಡ್ಡ ಮಷೀನ್ ಬೇಕು, ಸಾದಾ ಕಂಪ್ರೆಸರ್ ಗನ್ನಿಂದ ಆಗೂದಿಲ್ಲ. ಸಾದಾ ಗನ್ ಹಿಡಿದು ಪಾಲಿಯೂರಿಯಾ ಹೊಡೀತೀನಿ ಅಂದವರು ಹೊಡಿಯೋದು ಎರಡನೇದು, ಡಬ್ಬಿಯೊಳಗ ಹಾರ್ಡನರ್ (ಗಟ್ಟಿ ಮಾಡೋ ದ್ರವ) ಕಲಸಿ ಹೊಡಿಯೋ ಇಲ್ಲಾ ರೋಲರಿನಿಂದ ಬಳಿಯೋ ಪಿಯು (ಪಾಲಿಯುರೆಥೇನ್) ಕೋಟಿಂಗ್. ಅದರ ದಪ್ಪ ಅರ್ಧ ಎಂಎಂ ಆಸುಪಾಸು. ಕೆಟ್ಟದ್ದಲ್ಲ, ಆದ್ರ ಅದಕ್ಕ ಪಾಲಿಯೂರಿಯಾ ರೊಕ್ಕ ಕೊಡಬ್ಯಾಡ್ರಿ. ಎಷ್ಟು ಮೈಕ್ರಾನ್ (ಸಾವಿರ ಮೈಕ್ರಾನ್ ಅಂದ್ರ ಒಂದು ಎಂಎಂ) ಅಂತ ಮೊದಲೇ ಕೇಳ್ರಿ, ಮುಗಿದ ಮ್ಯಾಲ ಗೇಜ್ ಇಟ್ಟು ಹತ್ತು ಕಡೆ ತೋರಸ್ರಿ ಅನ್ರಿ. ನಡುವೆ ದಪ್ಪ, ಮೂಲಿಗೆ ತೆಳು ಹೊಡಿಯೋದು ರೂಢಿ, ಜಂಗು ಶುರುವಾಗೋದು ಮೂಲಿಯಿಂದ.

ಕೋಟಿಂಗ್ ಏಳೋದು ಮಾಲು ಕೆಟ್ಟು ಅಲ್ಲ, ಭಾಳ ಸಲ ತಳ ತಯಾರಿ ಕೆಟ್ಟು. ಹೊಸ ಗಾಡಿ ಅಂತ ತೊಳದು ಹಂಗೇ ಹೊಡೀತಾರ. ಕಂಪನಿ ಬಣ್ಣ ಗಾಜಿನಂಗ ನುಣುಪು, ಕೋಟಿಂಗ್ ಅದನ್ನ ಹಿಡಿಯೂದಿಲ್ಲ. ಒಂದು ಕಂಬಿ ಗೀರಿದ ಮ್ಯಾಲ ಆ ಗೀರಿನಿಂದ ದ್ವಾಸಿ ಎದ್ದಂಗ ಹಾಳಿ ಹಾಳಿ ಏಳ್ತದ.

ಮನ್ಯಾಗ ಅಥವಾ ಸಣ್ಣ ಗ್ಯಾರೇಜಿನಾಗ ಪಿಯು ಮಾಡಸೋದಾದ್ರ ಕ್ರಮ ಹಿಂಗದ. ಮೊದಲು ಕಸ ಗುಡಿಸಿ, ಸೋಪಿನ ಪುಡಿ ನೀರು ಹಾಕಿ ಪ್ರೆಷರ್ ವಾಷ್. ಹಿಂದಿನ ಡೋರಿನ ಹಿಂಜಿನ ಸಂದಿ, ಏಣಿನ ಬುಡ ಬಿಡಬ್ಯಾಡ್ರಿ. ಸಿಂಧನೂರು, ಗಂಗಾವತಿ ಕಡೆ ಭಾಳ ಬೋರು ಸವುಳು ನೀರು, ಕೊನೇ ಸಲಕ್ಕ ಕಾಲುವಿ ಇಲ್ಲಾ ನಳದ ನೀರು ಹಾಕ್ರಿ. ಒಣಗಿದ ಮ್ಯಾಲ ತಳದ ಮ್ಯಾಲ ಬಿಳಿ ಪೊರಿ ಕಂಡ್ರ ಉಪ್ಪು ಇನ್ನೂ ಅದ, ಮತ್ತ ತೊಳೀರಿ. ಆ ಉಪ್ಪಿನ ಮ್ಯಾಲ ಬಳದ್ರ ಅದು ಬಣ್ಣದ ಮೂಲಕ ತೇವ ಎಳಕೊಂಡು ಗುಳ್ಳಿ ಎಬ್ಬಸ್ತದ.

ಆಮ್ಯಾಲ ಥಿನ್ನರ್ ಒರಸೋದು, ಎರಡು ಬಟ್ಟಿ ಇಟ್ಕೊಂಡು. ಒಂದು ಹಸಿ, ಅದರ ಹಿಂದೇ ಒಂದು ಒಣ. ಒಂದೇ ಬಟ್ಟಿ ಆದ್ರ ಗ್ರೀಸ್ ಹೋಗೂದಿಲ್ಲ, ಜಾಗ ಬದಲಾಗ್ತದ ಅಷ್ಟೇ. ಪರೀಕ್ಷಾ ಬೇಕಂದ್ರ ನೀರು ಚಿಮಕಸ್ರಿ. ಹಾಳಿಯಂಗ ಹರಡಿದ್ರ ಶುದ್ಧ, ಹನಿ ಹನಿ ಕೂತ್ರ ಎಣ್ಣಿ ಅದ.

ಎಣ್ಣಿ ಹೋದ ಮ್ಯಾಲೇ ಉಜ್ಜೋದು, ಮೊದಲು ಉಜ್ಜಿದ್ರ ಎಣ್ಣಿ ಗೀರಿನೊಳಗ ಇಳೀತದ. ಗಟ್ಟಿ ಬಣ್ಣಕ್ಕ 80 ನಂಬರ್ ಎಮರಿ, ಮಿರುಗು ಪೂರ್ತಿ ಸಾಯೂ ತನಕ. ಜಂಗು ಇದ್ದಲ್ಲಿ ಫ್ಲ್ಯಾಪ್ ಡಿಸ್ಕ್ ಹಾಕಿ ಬಿಳಿ ಲೋಹ ಬರೂ ತನಕ. ತೂತಿದ್ರ ಪುಟ್ಟಿ ತುಂಬಬ್ಯಾಡ್ರಿ, ತಗಡು ಕತ್ತರಿಸಿ ತುಂಡು ಹಚ್ರಿ. ವೆಲ್ಡಿಂಗ್ ಮುಂಚೆ ಬ್ಯಾಟರಿ ನೆಗೆಟಿವ್ ಬಿಚ್ರಿ, ಅರ್ತಿಂಗ್ ಕ್ಲಾಂಪ್ ವೆಲ್ಡ್ ಮಾಡೋ ಜಾಗದ ಬಾಜೂಕೇ ಇರಲಿ, ತಳದ ಅಡಿಗೆ ವೈರಿಂಗ್, ಡೀಸೆಲ್ ಪೈಪ್ ಎಲ್ಲಿ ಅದ ಬಗ್ಗಿ ನೋಡ್ರಿ.

ಪ್ರೈಮರ್ ಎಪಾಕ್ಸಿ ಝಿಂಕ್ ಫಾಸ್ಫೇಟ್, ಎರಡು ಕೋಟ್. ತಳ, ಸೈಡ್ ಸೇರಿ ನಿಮ್ಮದು 8.6 ಚದರ ಮೀಟರ್, ಹಾರ್ಡನರ್ ಸೇರಿ ಎರಡೂವರೆ ಲೀಟರ್ ಸಾಕು. ರೆಡ್ ಆಕ್ಸೈಡ್ ಹೊಡದು ಮ್ಯಾಲ ಪಿಯು ಬಳೀತೀನಿ ಅಂದವರನ್ನ ಅಲ್ಲೇ ನಿಲ್ಲಸ್ರಿ. ಪಿಯು ಥಿನ್ನರಿಗೆ ಸಾದಾ ರೆಡ್ ಆಕ್ಸೈಡ್ ಮೆತ್ತಗಾಗಿ ಸುಕ್ಕು ಹಿಡೀತದ, ಎರಡೂ ಕೂಡೇ ಏಳ್ತಾವ.

ಮೇಲ್ಕೋಟು ಎಷ್ಟು ಬೇಕು ಅನ್ನೋ ಲೆಕ್ಕ: ಡಬ್ಬಿ ಮ್ಯಾಲ ವಾಲ್ಯೂಮ್ ಸಾಲಿಡ್ಸ್ (ಒಣಗಿದ ಮ್ಯಾಲ ಉಳಿಯೋ ಪಾಲು) ಶೇಕಡಾ ಎಷ್ಟು ಅಂತ ಇರ್ತದ. 60 ಇದ್ರ, ಒಣ ದಪ್ಪ 500 ಮೈಕ್ರಾನ್ ಬರಾಕ ಹಸಿ ದಪ್ಪ 830 ಬೇಕು, ಅಂದ್ರ ಚದರ ಮೀಟರಿಗೆ 0.83 ಲೀಟರ್. ತಳ 4.6 ಚದರ ಮೀಟರಿಗೆ 3.8 ಲೀಟರ್. ಸೈಡಿಗೆ ಅರ್ಧ ದಪ್ಪ ಸಾಕು, 1.7 ಲೀಟರ್. ವೇಸ್ಟ್ ಹಿಡಿದು ಆರು, ಆರೂಕಾಲು ಲೀಟರ್ ತರ್ರಿ. ಒಂದೇ ಸಲಕ್ಕ ದಪ್ಪ ಬಳೀಬ್ಯಾಡ್ರಿ, ಮ್ಯಾಲ ಪೊರಿ ಕಟ್ಟಿ ಥಿನ್ನರ್ ಒಳಗ ಸಿಗತದ. ಮೂರು ಕೋಟ್ ಮಾಡ್ರಿ.

ನಮ್ಮ ಕಡೆ ಬಿಸಲಿನ ಮಾತು ಬ್ಯಾರೆ. ಏಪ್ರಿಲ್, ಮೇದಾಗ ಹನ್ನೊಂದು ಗಂಟೆಗೆ ತಗಡಿನ ಮ್ಯಾಲ ಕೈ ಇಟ್ಟು ಐದು ಎಣಸಾಕ ಆಗೂದಿಲ್ಲ. ಅದರ ಮ್ಯಾಲ ಬಳದ್ರ ಥಿನ್ನರ್ ಕುದ್ದು ಹಾರಿ ಸೂಜಿತೂತು ಬೀಳ್ತಾವ, ಕಲಸಿದ ಮಾಲೂ ಡಬ್ಬಿಯೊಳಗೇ ಕಟ್ಟಿಕೊಳ್ತದ. ಬ್ಯಾಸಿಗಿಯೊಳಗ ನೆರಳಿನಾಗ, ಬೆಳಗ್ಗೆ 6ರಿಂದ 9ರ ಒಳಗ ಮುಗಸ್ರಿ, ಅರ್ಧ ಅರ್ಧ ಲೀಟರ್ ಕಲಸ್ರಿ. ಡಿಸೆಂಬರಿನಾಗ ಉಲ್ಟಾ: ಗದ್ದಿ ಸೀಮಿಯೊಳಗ ಬೆಳಗ್ಗೆ ತಗಡಿನ ಮ್ಯಾಲ ಇಬ್ಬನಿ ಕೂತಿರ್ತದ, ಒರಸಿದ್ರೂ ಮತ್ತ ಕೂಡ್ತದ. ಹತ್ತು ಗಂಟೆ ಆಗಲಿ.

ನೀರು ಹೋಗೋ ತೂತಿಗೆ ಗ್ರೀಸ್ ಹಚ್ಚಿದ ಬೋಲ್ಟ್ ಸಿಕ್ಕಿಸಿ ಬಳೀರಿ, ಆಮ್ಯಾಲ ತೆಗೀರಿ. ಮಾಸ್ಕಿಂಗ್ ಟೇಪ್ ಕೋಟಿಂಗ್ ಹಸಿ ಇರೋವಾಗಲೇ ಕಿತ್ತಬೇಕು, ಒಣಗಿದ ಮ್ಯಾಲ ಕಿತ್ತರ ಅಂಚು ಹರಕೊಂಡು ಬರ್ತದ. ಖಾಲಿ ಓಡಸಾಕ ಎರಡು ಮೂರು ದಿನ, ಮಾಲು ಹೇರಾಕ ಏಳು ದಿನ ಬಿಡ್ರಿ.

ಸ್ಪ್ರೇ ಮಾಡೋರು ಮೂಗಿಗೆ ಕರ್ಚೀಫ್ ಕಟ್ಕೊಂಡು ನಿಂತಿದ್ರ ಆ ಅಂಗಡಿ ಬಿಡ್ರಿ. ಹಾರ್ಡನರಿನೊಳಗ ಐಸೊಸೈನೇಟ್ ಅನ್ನೋ ರಾಸಾಯನಿಕ ಇರ್ತದ, ಒಮ್ಮೆ ಮೈಗೆ ಹತ್ತಿ ದಮ್ಮು ಶುರುವಾದ್ರ ಜನ್ಮಕ್ಕ ಬಿಡೂದಿಲ್ಲ. ಹೊರಗಿನ ಗಾಳಿ ಪೈಪಿನ ಮಾಸ್ಕ್ ಬೇಕು. ಬ್ರಷ್, ರೋಲರ್ ಕೆಲಸಕ್ಕ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರೋ ಮಾಸ್ಕ್, ಕೈಗವಸು, ಬಯಲು ಜಾಗ.

ಸಿರುಗುಪ್ಪ ಪಿಕಪ್

ಹಂಗಾದ್ರೆ ಪಿಯು ಬಳಿಸಿಬಿಟ್ರೆ ಕಂಬಿ, ಎಳೆಯೋ ಚೀಲ ತಡ್ಕೊಳ್ತದಾ? ಮೇಲೆ ಮತ್ತೆ ಮ್ಯಾಟ್ ಬೇಕಾ? ತೋರಣಗಲ್ಲು ಕಡೆ ಹಳೇ ಕನ್ವೇಯರ್ ಬೆಲ್ಟ್ (ಅದಿರು ಸಾಗಿಸೋ ದಪ್ಪ ರಬ್ಬರ್ ಪಟ್ಟಿ) ಸಿಗ್ತದೆ ಅಂತಾರೆ, ಅದು ಆಗ್ತದಾ?

ರಾಯಚೂರು ಪೇಂಟ್ ಬೂತ್

ಅರ್ಧ ಎಂಎಂ ಪಿಯು ಚೀಲಕ್ಕ ಸಾಕು. ಕಂಬಿ ತುದಿಗೆ, ಜಲ್ಲಿ ಸಲಿಕಿಗೆ ತಡಿಯೂದಿಲ್ಲ. 3 ಎಂಎಂ ಪಾಲಿಯೂರಿಯಾ ಕಂಬಿಗೂ ತಡೀತದ, ಸಲಿಕಿ ಅಂಚಿಗೆ ಅದೂ ಕಡದು ಬರ್ತದ. ಬಿಸಲಿಗೆ ಮಾಸಿ ಬೂದಿ ಬಣ್ಣ ಆದ್ರ ಗಾಬರಿ ಆಗಬ್ಯಾಡ್ರಿ, ಅರೊಮ್ಯಾಟಿಕ್ ಅನ್ನೋ ಅಗ್ಗದ ಜಾತಿ ಮಾಲಿನ ಸ್ವಭಾವ ಅದು, ಗಟ್ಟಿತನ ಹೋಗಿರೂದಿಲ್ಲ.

ತೋರಣಗಲ್ಲು ಬೆಲ್ಟ್ ಶಾಪ್

ಆಗುತ್ತೆ, ಆದರೆ ಎಲ್ಲಾ ಬೆಲ್ಟೂ ಆಗಲ್ಲ. ಗುಜರಿಯಲ್ಲಿ ಎರಡು ಜಾತಿ ಸಿಗುತ್ತೆ. ಒಳಗೆ ನೈಲಾನ್ ಬಟ್ಟೆ ಪದರ ಇರುವುದು ನಿಮಗೆ ಬೇಕಾದ್ದು. ಒಳಗೆ ಉಕ್ಕಿನ ಹಗ್ಗ ಇರುವುದು ಬೇಡ: ಚಾಕುವಿಗೆ ಕತ್ತರಿಸಲ್ಲ, ಗ್ರೈಂಡರಿಗೆ ಕತ್ತರಿಸಿದರೆ ಅಂಚಲ್ಲಿ ತಂತಿ ಮುಳ್ಳು ಎದ್ದು ಚೀಲಾನೂ ಹರಿಯುತ್ತೆ, ಹಮಾಲರ ಕಾಲನ್ನೂ. ಕತ್ತರಿಸಿದ ತುದಿಗೆ ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತೆ.

ದಪ್ಪ 8ರಿಂದ 10 ಎಂಎಂ ಉಳಿದಿರಬೇಕು. ಮೂಲೆ ಹಿಡಿದು ಹಿಂದಕ್ಕೂ ಮುಂದಕ್ಕೂ ಮಡಚಿ ನೋಡಿ. ಪದರ ಬಿಟ್ಟಿದ್ದರೆ ಅಂಚಲ್ಲಿ ಬಾಯಿ ಬಿಡುತ್ತೆ, ಅದರೊಳಗೆ ನೀರು ಸೇರಿ ಬಟ್ಟೆ ಕೊಳೆಯುತ್ತೆ. ಬಿಸಿ ಮಾಲು ಓಡಿಸಿದ ಬೆಲ್ಟ್ ಗಟ್ಟಿಯಾಗಿ ಮೇಲೆ ಬಿರುಕು ಬಿಟ್ಟಿರುತ್ತೆ, ಅದನ್ನೂ ಬಿಡಿ.

10 ಎಂಎಂ ಬೆಲ್ಟ್ ಚದರ ಮೀಟರಿಗೆ ಸುಮಾರು 12 ಕೆಜಿ, ನಿಮ್ಮ ತಳಕ್ಕೆ 55 ಕೆಜಿ. ಚೆಕರ್ ಪ್ಲೇಟಿನ ಅರ್ಧ. ಗುಜರಿಯವರು ಕೆಜಿ ಲೆಕ್ಕ ಹೇಳಿದರೆ ಈ ಗುಣಾಕಾರ ಮಾಡಿಕೊಂಡು ಹೋಗಿ.

ನಿಮ್ಮ ಅಗಲ 1,676 ಎಂಎಂ, ಅಷ್ಟು ಅಗಲದ ಒಂದೇ ಪಟ್ಟಿ ಹುಡುಕಲು ಹೋಗಬೇಡಿ. 1,000 ಎಂಎಂ ಬೆಲ್ಟ್ ಎರಡು ಪಟ್ಟಿ ತಂದು ತಲಾ 825ಕ್ಕೆ ಕತ್ತರಿಸಿ, ಸಂದಿ ಗಾಡಿಯ ಉದ್ದಕ್ಕೆ ನಡುವೆ ಬರಲಿ. ಮೇಲೆ ಹೇಳಿದ ಸಲಿಕೆ ಮಾತು ಇಲ್ಲಿಗೂ ಅನ್ವಯ. ಎರಡು ಪಟ್ಟಿ ಆದರೆ ಒಂದೊಂದು 27 ಕೆಜಿ, ಸುತ್ತಿ ಇಳಿಸಿ ತೊಳೆಯಲು ಒಬ್ಬನೇ ಸಾಕು. ತೊಳೆಯಲು ಬರುವುದೇ ಇದರ ಮುಖ್ಯ ಗುಣ, ದಯವಿಟ್ಟು ಅಂಟು ಹಾಕಿ ಕೂಡಿಸಬೇಡಿ.

ಸುತ್ತಲೂ 10 ಎಂಎಂ ಬಿಡಿ. ಬಿಸಿಲಿಗೆ ರಬ್ಬರ್ ಹಿಗ್ಗುತ್ತೆ, ಗೋಡೆಗೆ ತಾಗಿದರೆ ನಡುವೆ ಉಬ್ಬಿ ನಿಲ್ಲುತ್ತೆ, ಆ ಉಬ್ಬಿಗೆ ಚೀಲ ಸಿಕ್ಕಿಕೊಳ್ಳುತ್ತೆ. ಸೀಮೆಸುಣ್ಣದ ದಾರ ಹೊಡೆದು, ಸೋಪಿನ ನೀರು ಬಿಡುತ್ತಾ ಚಾಕುವಿನಲ್ಲಿ ನಾಲ್ಕೈದು ಎಳೆತಕ್ಕೆ ಕತ್ತರಿಸಿ. ಒಂದೇ ಎಳೆತಕ್ಕೆ ಒತ್ತಿದರೆ ಚಾಕು ನೈಲಾನ್ ಪದರದಲ್ಲಿ ಸೊಟ್ಟ ಓಡುತ್ತೆ.

ತಳಕ್ಕೆ ಸ್ಕ್ರೂ ಹೊಡೆಯಲೇಬೇಡಿ. ಒಂದೊಂದು ಸ್ಕ್ರೂ ತೂತೂ ಜಂಗಿನ ಬಾಯಿ. ಮುಂದಿನ ತುದಿಗೆ 25×5 ಎಂಎಂ ಕಬ್ಬಿಣದ ಪಟ್ಟಿ ಇಟ್ಟು, ಹಗ್ಗದ ಕೊಕ್ಕೆಗೆ ಈಗಾಗಲೇ ಇರುವ ತೂತಿನಲ್ಲಿ ಎಂ8 ಬೋಲ್ಟ್ ಎರಡು ಹಾಕಿ. ಹಿಂದಿನ ತುದಿ ಬಿಡುಬೀಸಾಗಿರಲಿ. ನೀರು ಹೋಗುವ ತೂತಿನ ನೇರಕ್ಕೆ ಬೆಲ್ಟಿಗೂ 20 ಎಂಎಂ ತೂತು ಕೊರೆಯಿರಿ.

ಅದಿರು ಓಡಿಸಿದ ಬೆಲ್ಟ್ ಆದರೆ ಕೆಂಪು ಎರಡು ತೊಳೆತಕ್ಕೂ ಪೂರ್ತಿ ಹೋಗಲ್ಲ. ಭತ್ತಕ್ಕೆ ಪರವಾಗಿಲ್ಲ. ಒಣಮೆಣಸಿನಕಾಯಿ, ಅಕ್ಕಿ, ಹತ್ತಿ ಹೇರುವ ದಿನ ಮೇಲೆ ಶುದ್ಧ ತಾಡಪಾಲು ಹಾಸಿ. ಹೊಸ ರಬ್ಬರ್ ಮ್ಯಾಟಿಗೂ ಇದೇ ಮಾತು: ಮರುಬಳಕೆ ರಬ್ಬರಿನ ವಾಸನೆ ಬಿಸಿಲಿಗೆ ಏಳುತ್ತೆ, ಮೆಣಸಿನಕಾಯಿ ಕೊಳ್ಳುವವರು ಮೂಗು ಹಿಡಿದೇ ದರ ಹೇಳೋರು. ಬಿಳಿ ಚೀಲಕ್ಕೆ ಕಪ್ಪು ಕಲೆಯೂ ಹತ್ತುತ್ತೆ.

ಕೊಪ್ಪಳ ಗೂಡ್ಸ್ ಲೈನ್

ಗೊಬ್ಬರದ ಬಗ್ಗೆ ಎರಡು ಮಾತು ಬಿಟ್ಟು ಹೋಗ್ಯಾವ. ಪೊಟ್ಯಾಷ್ ಅಂದ್ರ ಪೊಟ್ಯಾಸಿಯಂ ಕ್ಲೋರೈಡ್, ಅಡಿಗಿ ಉಪ್ಪಿನ ಖಾಸಾ ತಮ್ಮ. ಯೂರಿಯಾ ಗಾಳಿಯ ತೇವ ಶೇಕಡಾ 70 ದಾಟಿತಂದ್ರ ತಾನ ನೀರು ಎಳಕೊಳ್ಳತೈತಿ, ಎರಡೂ ಪುಡಿ ಕೂಡಿದ್ರ ಇನ್ನೂ ಬೇಗ. ಅಂದ್ರ ಮಳಿ ಬರದಿದ್ರೂ ಮ್ಯಾಟಿನ ಅಡಿಗೆ ಉಪ್ಪುನೀರು ತಯಾರ. ಗೊಬ್ಬರ ಇಳಿಸಿದ ಸಂಜಿಗೇ ಮೊದಲು ಒಣ ಕಸಬರಿಗಿ, ಆಮ್ಯಾಲ ನೀರು. ನೀರು ಮೊದಲು ಹಾಕಿದ್ರ ಪುಡಿ ಕರಗಿ ಸಂದಿಗೆ ಹೋಗತೈತಿ. ಗೊಬ್ಬರದ ಹಂಗಾಮಿನಾಗ ಹದಿನೈದು ದಿನಕ್ಕೊಮ್ಮಿ ಬೆಲ್ಟ್ ಎತ್ತಿ ಅಡಿಗೆ ತೊಳದು, ಒಂದು ರಾತ್ರಿ ಡೋರ್ ಮ್ಯಾಲ ಹಾಕಿ ಒಣಗಸ್ರಿ.

ಇನ್ನೊಂದು, ಅಚ್ಚಿನ ಪ್ಲಾಸ್ಟಿಕ್ ಲೈನರ್ ಯಾರಾದ್ರೂ ತೋರಿಸಿದ್ರ ಬ್ಯಾಡ ಅನ್ರಿ. ಅದು ಡಬಲ್ ಕ್ಯಾಬಿನ್ ಗಾಡಿಗೆ ಅಳತಿ ಮಾಡಿದ್ದು, ನಿಮ್ಮ 9 ಅಡಿ ತಳಕ್ಕ ಕೂಡಂಗಿಲ್ಲ. ಕೂತ್ರೂ ಚೀಲ ಜಾರತಾವ, ಅಡಿಗೆ ಹೊಕ್ಕ ಧೂಳು ಗಾಡಿ ನಡುಗಿದಂಗೆಲ್ಲಾ ಎಮರಿ ಹಿಡದಂಗ ಬಣ್ಣ ತಿಕ್ಕತೈತಿ. ಪ್ಲೈವುಡ್ 12 ಎಂಎಂ ಮರೈನ್ ಆದ್ರ ಕಂಬಿ ಟ್ರಿಪ್ಪಿಗೆ ಬೆಲ್ಟಿನ ಮ್ಯಾಲ ಹಾಸಾಕ ಚಲೋ, ಕಾಯಂ ಬಿಟ್ರ ಅಂಚಿನಿಂದ ನೀರು ಕುಡಿದು ಪದರ ಬಿಡತೈತಿ.

ಪಂಪ್‌ಸೆಟ್ಟಿಗೆ ಪೆಟ್ರೋಲ್, ಡೀಸೆಲ್ ಕ್ಯಾನ್ ಒಯ್ಯೋರು ಇದನ್ನ ಓದ್ರಿ: ತಳಕ್ಕ ಪ್ಲಾಸ್ಟಿಕ್, ರಬ್ಬರ್ ಹಾಸಿದ ಗಾಡಿಯೊಳಗ ಇಟ್ಟೇ ಬಂಕಿನಾಗ ಕ್ಯಾನ್ ತುಂಬಸಬ್ಯಾಡ್ರಿ. ಎಣ್ಣಿ ಹರಿಯುವಾಗ ಹುಟ್ಟಿದ ಸ್ಟ್ಯಾಟಿಕ್ ಕರೆಂಟ್ ನೆಲಕ್ಕ ಇಳಿಯಾಕ ದಾರಿ ಇರಂಗಿಲ್ಲ, ನಾಝಲ್ ಹತ್ರ ಕಿಡಿ ಹಾರತೈತಿ. ಕ್ಯಾನ್ ಕೆಳಗ ನೆಲಕ್ಕ ಇಟ್ಟು ತುಂಬಸ್ರಿ.

ಗಿಣಿಗೇರಾ ಫ್ಯಾಬ್ರಿಕೇಷನ್

ಸಿರುಗುಪ್ಪದವರೇ, ನಿಮ್ಮ ಮಾಲಿಗೆ ನನ್ನ ಆಯ್ಕೆ: ಬಣ್ಣ ಹೊಸದಿದ್ದಾಗಲೇ ಎಪಾಕ್ಸಿ ಮತ್ತ ಪಿಯು ಬಳಸ್ರಿ, ಮ್ಯಾಲ ಬಿಡಿ ಬೆಲ್ಟ್, ಜಲ್ಲಿ ದಿನಕ್ಕ 2 ಎಂಎಂ ಶೀಟ್. ಪಾಲಿಯೂರಿಯಾಕ್ಕ ಹೋದ್ರ ಬೆಲ್ಟ್ ಬಿಡಬಹುದು. ಸೈಡ್ ಡೋರ್ ಎತ್ತರ ಮಾಡಸೋ ವಿಚಾರ ಇದ್ರ ಅದು ಬ್ಯಾರೆ ಮಾತು, ಗಾಡಿ ರಚನೆ ಬದಲಾದಂಗ, ಆರ್‌ಟಿಓ ಒಪ್ಪಿಗಿ ಬೇಕು. ಬಿಡಿ ಬೆಲ್ಟಿಗೆ ಅದೇನೂ ಬೇಕಾಗಿಲ್ಲ.

ಸಿರುಗುಪ್ಪ ಪಿಕಪ್

ಬೆಲ್ಟ್ ಪಿಯು ಮೇಲೆ ನೇರವಾಗಿ ಕೂತ್ರೆ ಅಂಟ್ಕೊಳ್ಳಲ್ವಾ, ಬಿಸಿಲಿಗೆ?

ರಾಯಚೂರು ಪೇಂಟ್ ಬೂತ್

ಏಳು ದಿನ ಪೂರ್ತಿ ಬಿಟ್ಟ ಮ್ಯಾಲ ಹಾಸಿದ್ರ ಅಂಟೂದಿಲ್ಲ. ಮೂರನೇ ದಿನಕ್ಕೇ ಹಾಸಿದ್ರ ಬೆಲ್ಟಿನ ಗುರುತು ಒತ್ತಿ ಕೂಡ್ತದ, ಎತ್ತುವಾಗ ಕೋಟಿಂಗ್ ಕೂಡೇ ಬರ್ತದ. ಉಗುರು ಒತ್ತಿ ನೋಡ್ರಿ, ಗುರುತು ಉಳಿದ್ರ ಇನ್ನೂ ಎರಡು ದಿನ ತಡೀರಿ. ಬೆಲ್ಟಿನ ನುಣುಪು ಮುಖ ಕೆಳಗ, ಸವೆದು ಒರಟಾದ ಮುಖ ಮ್ಯಾಲ ಬರಲಿ.